ಸಿಇಟಿ, ನೀಟ್, ಜೆಇಇ: ಯಾವುದನ್ನ ಯಾವಾಗ ಬರೆಯಬೇಕು? ಮಂಡ್ಯ, ಮದ್ದೂರು, ಮಳವಳ್ಳಿ ಪೋಷಕರಿಗೆ ಒಂದು ಲೆಕ್ಕ

ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಸ್ ತಗೊಂಡ ಮಕ್ಕಳ ಮನೆಯಲ್ಲಿ ಮುಂದಿನ ಎರಡು ವರ್ಷ ಒಂದೇ ಚರ್ಚೆ. ಪಕ್ಕದ ಮನೆಯವರ ಮಗ ಜೆಇಇ ಬರೀತಾನಂತೆ, ನೆಂಟರ ಹುಡುಗಿ ನೀಟ್‌ಗೆ ಸೇರವಳಂತೆ, ನಮ್ಮವನದೂ ಒಂದು ಅರ್ಜಿ ಹಾಕ್ಬುಡನ. ಹೀಗೆ ಒಂದೊಂದಾಗಿ ಸೇರಿ ಸೆಕೆಂಡ್ ಪಿಯು ಮಗುವಿನ ತಲೆ ಮೇಲೆ ಐದು ಪರೀಕ್ಷೆ ಕೂರುತ್ತವೆ. ಅರ್ಜಿ ಶುಲ್ಕದ ಲೆಕ್ಕ ಬಿಡಿ. ದುಡ್ಡಿಗಿಂತ ದೊಡ್ಡ ನಷ್ಟ ಜನವರಿಯಿಂದ ಮೇವರೆಗಿನ ನಾಲ್ಕೂವರೆ ತಿಂಗಳು ಹರಿದು ಹಂಚಿಹೋಗೋದು.

ನಮ್ಮ ತಾಲ್ಲೂಕುಗಳ ಹೆಚ್ಚಿನ ಮಕ್ಕಳಿಗೆ ಕೊನೆಗೆ ಸೀಟು ಕೊಡಿಸುವುದು ಸಿಇಟಿ. ಎಂಜಿನಿಯರಿಂಗ್ ಮಟ್ಟಿಗೆ ಹೇಳೋದಾದರೆ ಆ ಸಿಇಟಿ ರ‍್ಯಾಂಕಿನ ಅರ್ಧ ಭಾಗ ಮಾರ್ಚ್‌ನಲ್ಲಿ ಬರೆಯುವ ಪಿಯು ಪರೀಕ್ಷೆಯಿಂದಲೇ ಬರುತ್ತದೆ. ಈ ಒಂದು ಮಾತು ಇಟ್ಟುಕೊಂಡು ಕ್ಯಾಲೆಂಡರ್ ಹಾಕಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಯಾವ ಕೋರ್ಸಿಗೆ ಯಾವ ಪರೀಕ್ಷೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಎಲ್ಲರೂ ಕರೆಯೋ ಕೆಇಎ, ಸಿಇಟಿ ನಡೆಸುತ್ತದೆ. ರಾಜ್ಯದಲ್ಲಿ ಸಿಇಟಿ ಶುರುವಾಗಿದ್ದು 1994ರಲ್ಲಿ. ಎಂಜಿನಿಯರಿಂಗ್, ಬಿಎಸ್ಸಿ ಕೃಷಿ, ತೋಟಗಾರಿಕೆ, ರೇಷ್ಮೆ, ಪಶುವೈದ್ಯ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್, ಪ್ರಕೃತಿ ಚಿಕಿತ್ಸೆ, ಇವಕ್ಕೆಲ್ಲ ಸರ್ಕಾರಿ ಕೋಟಾದ ದಾರಿ ಇದೇ. ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು, ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ವಿ.ಸಿ. ಫಾರಂನ ಕೃಷಿ ಕಾಲೇಜು, ಯಾವುದರಲ್ಲೇ ಸರ್ಕಾರಿ ಸೀಟು ಬೇಕೆಂದರೂ ಸಿಇಟಿ ರ‍್ಯಾಂಕ್ ಬೇಕು.

ಎಂಬಿಬಿಎಸ್, ದಂತ ವೈದ್ಯ, ಆಯುರ್ವೇದ, ಹೋಮಿಯೋಪಥಿಗೆ ನೀಟ್ ಒಂದೇ. ಮಂಡ್ಯದ ಮಿಮ್ಸ್ ಆಗಲಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಮೆಡಿಕಲ್ ಕಾಲೇಜಾಗಲಿ, ಸಿಇಟಿಯಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ನೀಟ್ ಇಲ್ಲದೆ ಒಳಗೆ ಕಾಲಿಡೋ ಹಾಗಿಲ್ಲ. ಆದರೆ ನೀಟ್ ಬರೆದರೆ ಸಾಕು ಅಂತ ಕೆಇಎ ಕಡೆ ತಲೆ ಹಾಕದೆ ಕೂರುವುದೂ ತಪ್ಪು. ಸರ್ಕಾರಿ ಮೆಡಿಕಲ್ ಕಾಲೇಜುಗಳ ಶೇ. 85ರಷ್ಟು ಸೀಟು ರಾಜ್ಯ ಕೋಟಾ, ಅದನ್ನ ಹಂಚೋದು ಕೆಇಎ. ಅಲ್ಲಿ ನೋಂದಣಿ, ದಾಖಲೆ ಪರಿಶೀಲನೆ ಆಗಿರಲೇಬೇಕು. ಅದಕ್ಕೇ ನೀಟ್ ಮಕ್ಕಳೂ ಜನವರಿ–ಫೆಬ್ರವರಿಯಲ್ಲಿ ಸಿಇಟಿ ಅರ್ಜಿ ಹಾಕಿಬಿಡೋದು ಜಾಣತನ. ಹೇಗೂ ಬಯಾಲಜಿ ಓದಿರುತ್ತಾರೆ, ಕೃಷಿ ಅಥವಾ ಪಶುವೈದ್ಯದ ಬಾಗಿಲೂ ತೆರೆದಿರುತ್ತದೆ.

ಜೆಇಇ ಮೇನ್ ಎನ್ನುವುದು ಸುರತ್ಕಲ್‌ನ ಎನ್ಐಟಿಯಂಥ ಕಾಲೇಜುಗಳಿಗೆ. ಅದರಲ್ಲಿ ಮುಂದೆ ಬಂದ ಎರಡೂವರೆ ಲಕ್ಷ ಮಂದಿಗೆ ಮಾತ್ರ ಐಐಟಿಯ ಜೆಇಇ ಅಡ್ವಾನ್ಸ್ಡ್ ಬರೆಯೋ ಅವಕಾಶ. ಕಾಮೆಡ್‌ಕೆ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರತ್ಯೇಕ ಪರೀಕ್ಷೆ. ಸಿಇಟಿ ಸೀಟಿನ ಫೀಸಿಗಿಂತ ಅಲ್ಲಿನ ಫೀಸು ಬಹಳ ಜಾಸ್ತಿ. ಮೊದಲು ಆ ಫೀಸು ಕಟ್ಟೋ ತಾಕತ್ತಿದೆಯಾ ಅಂತ ಮನೆಯಲ್ಲಿ ಕೂತು ಮಾತಾಡಿ, ಆಮೇಲೆ ಅರ್ಜಿ ಹಾಕಿ. ರ‍್ಯಾಂಕ್ ಬಂದಮೇಲೆ ದುಡ್ಡಿಲ್ಲ ಅಂದರೆ ಮಗುವಿಗೆ ಆಗೋ ಬೇಜಾರೇ ಬೇರೆ.

ಒಂದು ವರ್ಷದ ಕ್ಯಾಲೆಂಡರ್ ಹೀಗಿತ್ತು

ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಸಾಲು ಮಾತ್ರ ಹೆಚ್ಚುಕಮ್ಮಿ ಇದೇ. 2025ರ ವರ್ಷವನ್ನೇ ಮಾದರಿಗೆ ತೆಗೆದುಕೊಳ್ಳಿ. ಜೆಇಇ ಮೇನ್ ಮೊದಲ ಸುತ್ತು ಜನವರಿ 22ರಿಂದ 30. ಅದರ ಅರ್ಜಿ ಹಿಂದಿನ ವರ್ಷದ ನವೆಂಬರ್‌ಗೇ ಮುಗಿದಿತ್ತು. ದ್ವಿತೀಯ ಪಿಯು ಪರೀಕ್ಷೆ–1 ಮಾರ್ಚ್ 1ರಿಂದ 20. ಜೆಇಇ ಎರಡನೇ ಸುತ್ತು ಏಪ್ರಿಲ್ 2ರಿಂದ 9. ಅದರ ನಡುವೆಯೇ ಏಪ್ರಿಲ್ 8ಕ್ಕೆ ಪಿಯು ಫಲಿತಾಂಶ. ಏಪ್ರಿಲ್ 16, 17 ಸಿಇಟಿ. ಏಪ್ರಿಲ್ 24ರಿಂದ ಮೇ 8 ಪಿಯು ಪರೀಕ್ಷೆ–2. ಮೇ 4, ಭಾನುವಾರ, ನೀಟ್. ಮೇ 10 ಕಾಮೆಡ್‌ಕೆ. ಮೇ 16ಕ್ಕೆ ಪರೀಕ್ಷೆ–2ರ ಫಲಿತಾಂಶ. ಮೇ 18 ಜೆಇಇ ಅಡ್ವಾನ್ಸ್ಡ್. ಮೇ 24ಕ್ಕೆ ಸಿಇಟಿ ರ‍್ಯಾಂಕ್.

ಈ ಸಾಲನ್ನ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ ನೋಡಿ. ಪಿಯು ಕೊನೆಯ ಪೇಪರಿಗೂ ಸಿಇಟಿಗೂ ನಡುವೆ ನಾಲ್ಕು ವಾರವೂ ಇಲ್ಲ. ಜೆಇಇ ಎರಡನೇ ಸುತ್ತು ಬರೆಯೋರಿಗೆ ಆ ನಾಲ್ಕು ವಾರದಲ್ಲಿ ಎರಡು ಅಲ್ಲೇ ಹೋಯಿತು. ಜನವರಿ ಸುತ್ತು ಬರೋ ಹೊತ್ತಿಗೆ ಕಾಲೇಜಿನಲ್ಲಿ ಪ್ರಿಪರೇಟರಿ, ರೆಕಾರ್ಡ್ ಬರೆಯೋದು, ಪ್ರಾಕ್ಟಿಕಲ್ ತಯಾರಿ ನಡೆದಿರುತ್ತವೆ. ಸೈನ್ಸ್ ವಿಷಯಗಳಲ್ಲಿ 30 ಅಂಕ ಪ್ರಾಕ್ಟಿಕಲ್‌ನದೇ, ಥಿಯರಿಗೆ 70.

ಅರ್ಧ ಪಿಯು, ಅರ್ಧ ಸಿಇಟಿ: ಅಂಕದ ಲೆಕ್ಕ

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿಯೋದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರರ ಪಿಯು ಅಂಕದ ಶೇಕಡಾವಾರು ಅರ್ಧ, ಸಿಇಟಿ ಅಂಕದ ಶೇಕಡಾವಾರು ಅರ್ಧ.

ಒಬ್ಬ ಹುಡುಗಿ ಪಿಯುನಲ್ಲಿ ಈ ಮೂರರಿಂದ 300ಕ್ಕೆ 270 ತೆಗೆದಳು ಅನ್ನಿ, ಶೇ. 90. ಸಿಇಟಿಯಲ್ಲಿ 180ಕ್ಕೆ 72 ಬಂತು, ಶೇ. 40. ಎರಡೂ ಸೇರಿ ಅರ್ಧ ಮಾಡಿದರೆ 65. ಇನ್ನೊಬ್ಬ ಹುಡುಗ ವರ್ಷವೆಲ್ಲ ಕೋಚಿಂಗ್ ಓಡಾಡಿ ಸಿಇಟಿಯಲ್ಲಿ 108 ತೆಗೆದ, ಶೇ. 60. ಆದರೆ ಪಿಯುನಲ್ಲಿ 210ಕ್ಕೆ ನಿಂತ, ಶೇ. 70. ಅವನದೂ 65. ಇಬ್ಬರೂ ಒಂದೇ ಜಾಗದಲ್ಲಿ.

ಅಂದರೆ ಪಿಯುನ 30 ಅಂಕ, ಸಿಇಟಿಯ 18 ಅಂಕ ಒಂದೇ ತೂಕ. ಯಾವುದು ಸುಲಭ? ಹಳ್ಳಿ ಕಾಲೇಜಿನಲ್ಲಿ ಓದಿದ ಮಗುವಿಗೆ ಹಳೆಯ ಪ್ರಶ್ನೆಪತ್ರಿಕೆ ತಿರುವಿ, ಉತ್ತರ ಬರೆದು ಬರೆದು ಪಿಯುನಲ್ಲಿ 30 ಅಂಕ ಏರಿಸಿಕೊಳ್ಳೋದು, ಕಣ್ಣು ಮುಚ್ಚಿ ಬಿಡಿಸೋ ಹುಡುಗರ ಎದುರು ಸಿಇಟಿಯಲ್ಲಿ 18 ಅಂಕ ಏರಿಸೋದಕ್ಕಿಂತ ಕೈಗೆಟುಕುವ ಕೆಲಸ. ದೊಡ್ಡ ಫೀಸು ಕೊಟ್ಟು ಕೋಚಿಂಗ್ ಸೇರಿಸಲಾಗದ ಮನೆಗಳಿಗೆ ಈ ಅರ್ಧ–ಅರ್ಧ ನಿಯಮ ನಿಜವಾಗಿಯೂ ಒಂದು ಆಸರೆ. ಅದನ್ನ ಕೈಬಿಟ್ಟು "ಪಿಯು ಪಾಸಾದ್ರೆ ಸಾಕು, ಸಿಇಟಿ ನೋಡ್ಕೊಳಾನ" ಅನ್ನೋ ಮಾತನ್ನ ನಂಬಬೇಡಿ. ಆ ಮಾತು ಹೊಂದೋದು ನೀಟ್‌ಗೆ. ನೀಟ್ ರ‍್ಯಾಂಕಿಗೆ ಪಿಯು ಅಂಕ ಸೇರೋದಿಲ್ಲ, ಅರ್ಹತೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲಾತಿ ವರ್ಗಗಳಿಗೆ ಶೇ. 40 ಇದ್ದರೆ ಸಾಕು.

ಹಾಗಾಗಿ ಎಂಜಿನಿಯರಿಂಗ್ ಮನಸ್ಸಿನ ಮಗುವಿಗೆ ನವೆಂಬರ್‌ನಿಂದ ಮಾರ್ಚ್ 20ರವರೆಗೆ ಪಿಯು ಪರೀಕ್ಷೆಯೇ ಮೊದಲು. ಓದೋದು ಎರಡು ಸಲ ಆಗೋದಿಲ್ಲ. 2012–13ರಿಂದ ನಮ್ಮ ಪಿಯು ಸೈನ್ಸ್ ಪುಸ್ತಕ ಎನ್‌ಸಿಇಆರ್‌ಟಿಯದೇ. ಸಿಇಟಿ, ನೀಟ್, ಜೆಇಇ ಮೂರಕ್ಕೂ ಬೇರು ಅದೇ ಪುಸ್ತಕ. ಪಾಠ ಅದೇ, ಕೇಳೋ ರೀತಿ ಬೇರೆ. ಪಿಯು ಮುಗಿದ ಮೇಲೆ ಸಿಗೋ ನಾಲ್ಕು ವಾರವನ್ನ 80 ನಿಮಿಷದ ಪತ್ರಿಕೆ ಬಿಡಿಸೋದಕ್ಕೇ ಮೀಸಲಿಡಿ. ದಿನಕ್ಕೆರಡು, ಗಡಿಯಾರ ಇಟ್ಟು. ಹೊಸ ಗೈಡು ತರೋ ಕಾಲ ಅದಲ್ಲ.

ಪುಸ್ತಕದ ವಿಷಯಕ್ಕೆ ಇನ್ನೊಂದು. ಅಣ್ಣನದೋ ಅಕ್ಕನದೋ ಹಳೇ ಗೈಡಿನಲ್ಲಿ ತೆಗೆದುಹಾಕಿದ ಪಾಠಗಳೂ ಇರುತ್ತವೆ. 2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಪಾಠಗಳ ಪ್ರಶ್ನೆಗಳೇ ಬಂದು ದೊಡ್ಡ ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನ ಮೌಲ್ಯಮಾಪನದಿಂದ ಬಿಡಬೇಕಾಯಿತು. ಪರೀಕ್ಷೆ ಮಾಡೋರೇ ಎಡವಿದ ಜಾಗ ಅದು. ಆಯಾ ವರ್ಷದ ಪಠ್ಯಪುಸ್ತಕ ಇಟ್ಟುಕೊಂಡೇ ಓದಿಸಿ.

ಪರೀಕ್ಷೆ–2 ಬರೆಸಬೇಕಾ?

2024ರಿಂದ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪಿಯು ಪರೀಕ್ಷೆ ಮಾಡುತ್ತಿದೆ. ಫೇಲಾದವರಿಗಷ್ಟೇ ಅಲ್ಲ, ಪಾಸಾದವರೂ ಅಂಕ ಏರಿಸಿಕೊಳ್ಳಲು ಬರೆಯಬಹುದು. ಹೆಚ್ಚು ಬಂದದ್ದೇ ಉಳಿಯುತ್ತದೆ. ಕಮ್ಮಿ ಬಂದರೆ ಹಳೇ ಅಂಕಕ್ಕೆ ಮೋಸ ಇಲ್ಲ. 2024ರಲ್ಲೂ 2025ರಲ್ಲೂ ಪರೀಕ್ಷೆ–2ರ ಫಲಿತಾಂಶ ಬಂದ ಮೇಲೆಯೇ ಸಿಇಟಿ ರ‍್ಯಾಂಕ್ ಬಂತು. 2024ರಲ್ಲಿ ಪಿಯು ಪರೀಕ್ಷೆ–2ರ ಫಲಿತಾಂಶ ಮೇ 21, ಸಿಇಟಿಯದು ಜೂನ್ 1.

ಹಾಗಂತ ಎಲ್ಲರೂ ಬರೆಯಬೇಕಿಲ್ಲ. ಏಪ್ರಿಲ್ ಮೊದಲ ಭಾಗದಲ್ಲಿ ಫಲಿತಾಂಶ ಬಂದಾಗ ಮೂರು ವಿಷಯಗಳನ್ನ ಮಾತ್ರ ನೋಡಿ. ಮ್ಯಾಥ್ಸ್‌ನಲ್ಲಿ 90 ಬರಬೇಕಾದ ಮಗುವಿಗೆ 68 ಬಂದಿದೆ, ಜ್ವರ ಬಂದಿತ್ತು, ಟೈಮ್ ಸಾಲಲಿಲ್ಲ ಅನ್ನೋ ಕಾರಣವಿದೆ, ಆಗ ಆ ಒಂದು ವಿಷಯ ಬರೆಸೋದು ಲಾಭ. 20 ಅಂಕ ಏರಿದರೆ ಸಿಇಟಿಯಲ್ಲಿ 12 ಅಂಕ ತೆಗೆದಷ್ಟು ಆಯಿತು. ಮೊದಲೇ 92, 94 ಇರೋರು ಎರಡಂಕಕ್ಕೆ ಮತ್ತೆ ಕೂರಬೇಡಿ. ಅರ್ಜಿ ಕಟ್ಟೋಕೆ ಫಲಿತಾಂಶದ ನಂತರ ಕೊಡುವ ದಿನಗಳು ಬಹಳ ಕಮ್ಮಿ, ಅದೂ ಕಾಲೇಜಿನ ಮೂಲಕವೇ ಆಗಬೇಕು. ಫಲಿತಾಂಶ ಬಂದ ಮರುದಿನವೇ ಕಾಲೇಜಿಗೆ ಹೋಗಿ. ಸಿಇಟಿ ಮುಗೀಲಿ ಆಮೇಲೆ ನೋಡಾನ ಅಂದರೆ ಬಾಗಿಲು ಹಾಕಿರುತ್ತದೆ.

ನೀಟ್ ಒಂದನ್ನೇ ನೆಚ್ಚಿರೋ ಮಗುವನ್ನ ಮಾತ್ರ ಅಂಕ ಏರಿಸೋಕೆ ಪರೀಕ್ಷೆ–2ಕ್ಕೆ ಕೂರಿಸಬೇಡಿ. ಮೇಲಿನ ಸಾಲು ನೋಡಿದಿರಲ್ಲ, ನೀಟ್ ಬಿದ್ದದ್ದು ಪರೀಕ್ಷೆ–2ರ ನಡುವೆ. ನೀಟ್‌ಗೆ ಮೊದಲಿನ ಹತ್ತು ದಿನ ಬಯಾಲಜಿ ಪುಸ್ತಕ ಮೂರನೇ ಸಲ ತಿರುವೋ ದಿನಗಳು. ಅಲ್ಲಿ 720 ಅಂಕ, 180 ಪ್ರಶ್ನೆ, 180 ನಿಮಿಷ, ಒಂದು ತಪ್ಪಿಗೆ ಒಂದಂಕ ಕಟ್. ಸಿಇಟಿಯಲ್ಲಿ ಎಲ್ಲಾ ಬಬಲ್ ತುಂಬಿಸಿ ಬಾ ಅಂತ ಹೇಳೋ ಹಾಗೆ ನೀಟ್‌ನಲ್ಲಿ ಹೇಳಲಾಗದು. ಎರಡೂ ಬರೆಯೋ ಮಕ್ಕಳಿಗೆ ಈ ವ್ಯತ್ಯಾಸ ಕೈಗೆ ರೂಢಿಯಾಗಲು ಕೆಲವು ದಿನ ಬೇಕು.

ಜನವರಿ ಜೆಇಇ ಯಾರಿಗೆ

ಜೆಇಇ ಮೇನ್ ಎರಡು ಸುತ್ತಲ್ಲಿ ಯಾವುದು ಚೆನ್ನಾಗಿ ಬಂದಿದೆಯೋ ಅದನ್ನೇ ರ‍್ಯಾಂಕಿಗೆ ತಗೋತಾರೆ. ಫಸ್ಟ್ ಪಿಯುನಿಂದಲೇ ಅದಕ್ಕಾಗಿ ಓದಿದ ಮಗು ಜನವರಿಯಲ್ಲಿ ಖಂಡಿತ ಬರೆಯಲಿ. ಅಲ್ಲಿ ಚೆನ್ನಾಗಿ ಬಂದರೆ ಏಪ್ರಿಲ್ ಸುತ್ತು ಬಿಟ್ಟು ಸಿಇಟಿಗೆ ಕೂರಬಹುದು, ಇದೇ ಜನವರಿ ಸುತ್ತಿನ ದೊಡ್ಡ ಉಪಯೋಗ. ಇಂಥ ತಯಾರಿ ಇಲ್ಲದ ಮಗುವಿಗೆ "ಒಂದ್ ಟ್ರಯಲ್ ಇರ್ಲಿ" ಅಂತ ಬರೆಸಿದರೆ ಪ್ರಿಪರೇಟರಿ ಹೊತ್ತಲ್ಲಿ ಒಂದು ವಾರ ಹೋಗುತ್ತದೆ, ಪರ್ಸೆಂಟೈಲ್ ನೋಡಿ ಧೈರ್ಯವೂ ಕುಂದುತ್ತದೆ. ಮಾರ್ಚ್ ಪರೀಕ್ಷೆಗೆ ಅದು ಒಳ್ಳೇದಲ್ಲ. ಬರೆಸಲೇಬೇಕು ಅನಿಸಿದರೆ ಏಪ್ರಿಲ್ ಸುತ್ತು ಬರೆಸಿ, ಸಿಇಟಿಗೆ ವಾರದ ಮುಂಚಿನ ಒಂದು ಅಭ್ಯಾಸ ಅಂದುಕೊಳ್ಳಿ.

ಫಸ್ಟ್ ಪಿಯುನಲ್ಲೇ ಒಂದು ಸಲ ಬರೆಸಿ ನೋಡೋಣ ಅಂತ ಕೇಳೋರೂ ಇದ್ದಾರೆ. ಆಗೋದಿಲ್ಲ. ದ್ವಿತೀಯ ಪಿಯು ಬರೆಯುತ್ತಿರುವವರು ಇಲ್ಲವೇ ಬರೆದವರಿಗೆ ಮಾತ್ರ ಅವಕಾಶ. ನೀಟ್‌ಗೆ ವಯಸ್ಸಿನ ಷರತ್ತೂ ಇದೆ: ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. 2025ರಲ್ಲಿ ಬರೆಯೋರು 2008ರ ಡಿಸೆಂಬರ್ 31ರ ಒಳಗೆ ಹುಟ್ಟಿರಬೇಕಿತ್ತು. ಒಂದು ವರ್ಷ ಮುಂಚೆಯೇ ಒಂದನೇ ಕ್ಲಾಸಿಗೆ ಸೇರಿಸಿದ ಮಕ್ಕಳ ಪೋಷಕರು ಇದನ್ನ ಫಸ್ಟ್ ಪಿಯುನಲ್ಲೇ ಲೆಕ್ಕ ಹಾಕಿಕೊಳ್ಳಿ.

ಓದಿನಷ್ಟೇ ಮುಖ್ಯ: ಕಾಗದಪತ್ರ

ನಮ್ಮ ಕಡೆ ಮಕ್ಕಳು ಸೀಟು ಕಳೆದುಕೊಳ್ಳೋದು ಪರೀಕ್ಷಾ ಕೊಠಡಿಯಲ್ಲಿ ಮಾತ್ರ ಅಲ್ಲ, ಅರ್ಜಿಯಲ್ಲಿ ಒಂದು ಕಾಲಂ ತಪ್ಪು ತುಂಬಿಯೂ ಕಳೆದುಕೊಳ್ಳುತ್ತಾರೆ. ಅದಕ್ಕೆ ಪರೀಕ್ಷೆ ಯಾವಾಗ ಅನ್ನೋದರ ಜೊತೆಗೆ ಕಾಗದ ಯಾವಾಗ ಅನ್ನೋದನ್ನೂ ಕ್ಯಾಲೆಂಡರಿಗೆ ಸೇರಿಸಿ.

ಮೊದಲಿಗೆ ಗ್ರಾಮೀಣ ಕೋಟಾ, ಶೇ. 15. ಇದಕ್ಕೆ ಒಂದರಿಂದ ಹತ್ತನೇ ತರಗತಿವರೆಗೆ ಪೂರಾ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಇಲ್ಲಿ ಬಹಳ ಜನ ತಪ್ಪು ತಿಳಿಯೋದೇನು ಅಂದರೆ ಮನೆ ಹಳ್ಳಿಯಲ್ಲಿದ್ದರೆ ಸಾಕು ಅಂತ. ಲೆಕ್ಕಕ್ಕೆ ಬರೋದು ಶಾಲೆ ಇರುವ ಜಾಗ. ಹಲಗೂರು, ಕಿರುಗಾವಲು, ಕೆಸ್ತೂರು, ಬೆಸಗರಹಳ್ಳಿ ಕಡೆಯ ಹಳ್ಳಿಗಳಿಂದ ದಿನಾ ಬೆಳಗ್ಗೆ ವ್ಯಾನು ಹತ್ತಿ ಮಳವಳ್ಳಿ, ಮದ್ದೂರು ಪೇಟೆ ವ್ಯಾಪ್ತಿಯ ಕಾನ್ವೆಂಟಿಗೆ ಹೋದ ಮಗು, ಒಂದೇ ವರ್ಷ ಅಲ್ಲಿ ಓದಿದ್ದರೂ ಹತ್ತು ವರ್ಷ ತುಂಬೋದಿಲ್ಲ. ಗೊತ್ತಿಲ್ಲದೆ ಕ್ಲೇಮ್ ಮಾಡಿ ಪರಿಶೀಲನೆಯಲ್ಲಿ ಬಿದ್ದುಹೋದರೆ ನೆಚ್ಚಿಕೊಂಡಿದ್ದ ಕೋಟಾ ಕೈತಪ್ಪುತ್ತದೆ, ಆಗ ಕಾಲೇಜಿನ ಲೆಕ್ಕವೆಲ್ಲ ತಲೆಕೆಳಗು. ಇದಕ್ಕೆ ಆದಾಯದ ಷರತ್ತೂ ಇದೆ.

ಕನ್ನಡ ಮಾಧ್ಯಮ ಕೋಟಾ ಶೇ. 5. ಒಂದರಿಂದ ಹತ್ತು ಕನ್ನಡದಲ್ಲೇ ಓದಿರಬೇಕು. ಹಳ್ಳಿ ಸರ್ಕಾರಿ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳಿಗೆ ಎರಡೂ ಕೋಟಾ ಅನ್ವಯಿಸುತ್ತದೆ, ಕೇಳಿಕೊಳ್ಳೋದೇ ಇಲ್ಲ. ವ್ಯಾಸಂಗ ಪ್ರಮಾಣ ಪತ್ರಕ್ಕೆ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಬಿಇಒ ಕಚೇರಿಯ ಮೇಲು ಸಹಿ ಬೇಕಾಗುತ್ತದೆ. ಮೂರು ಶಾಲೆ ಬದಲಿಸಿದ್ದರೆ ಮೂರೂ ಕಡೆ ಓಡಾಡಬೇಕು. ಸೆಕೆಂಡ್ ಪಿಯು ದಸರಾ ರಜೆಯ ಆಸುಪಾಸು ಇದಕ್ಕೆ ಒಳ್ಳೆ ಸಮಯ. ಫೆಬ್ರವರಿಯಲ್ಲಿ ಹೋದರೆ ಹೆಡ್‌ಮಾಸ್ಟರು ಎಸ್ಸೆಸ್ಸೆಲ್ಸಿ ಗಡಿಬಿಡಿಯಲ್ಲಿ ಇರುತ್ತಾರೆ. ಮೂಡುಬಿದಿರೆ, ಮಂಗಳೂರು ಕಡೆ ಹಾಸ್ಟೆಲಿನಲ್ಲಿ ಇಟ್ಟು ಓದಿಸೋರು ಇನ್ನೂ ಮುಂಚೆ ಮಾಡಿಕೊಳ್ಳಿ. ಮಗು ಅಲ್ಲಿ, ಶಾಲೆ ಇಲ್ಲಿ ಅಂತಾದರೆ ಓಡಾಟವೆಲ್ಲ ನಿಮ್ಮದೇ.

ಜಾತಿ, ಆದಾಯ ಪ್ರಮಾಣ ಪತ್ರ ನಾಡಕಚೇರಿಯದು. ಅದರ ಆರ್‌ಡಿ ನಂಬರನ್ನೇ ಕೆಇಎ ಅರ್ಜಿಯಲ್ಲಿ ಕೇಳೋದು. ಪತ್ರದಲ್ಲಿ ಮಗುವಿನ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರೋ ಹೆಸರು, ಆಧಾರ್ ಹೆಸರು ಮೂರೂ ಒಂದೇ ಇದೆಯಾ ನೋಡಿ. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಬಿಡಿಸಿ ಬರೆದದ್ದು, ಇದು ನಮ್ಮಲ್ಲಿ ಮನೆಮನೆ ಕಥೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರ ಮಾಡಿಕೊಂಡು ಉಳಿದದ್ದನ್ನ ಸರಿಮಾಡಿಸಿ. ಹಳೇ ಆದಾಯ ಪತ್ರದ ಅವಧಿ ಮುಗಿದಿದೆಯಾ ಅನ್ನೋದನ್ನೂ ನೋಡಿಬಿಡಿ.

ಕೃಷಿಕರ ಕೋಟಾ ಮಂಡ್ಯ ಜಿಲ್ಲೆಗೆ ವಿಶೇಷ. ಬಿಎಸ್ಸಿ ಕೃಷಿ, ತೋಟಗಾರಿಕೆ, ರೇಷ್ಮೆ, ಪಶುವೈದ್ಯ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಸೀಟಿನ ದೊಡ್ಡ ಪಾಲು ಮೀಸಲು. ಇದಕ್ಕೆ ಸಿಇಟಿ ಸಾಲದು, ಅದರ ಜೊತೆಗೆ 200 ಅಂಕದ ಪ್ರಾಯೋಗಿಕ ಪರೀಕ್ಷೆ ಬೇರೆ ಇದೆ. ಬೀಜ, ಗೊಬ್ಬರ, ಉಪಕರಣ, ಬೆಳೆಯ ಭಾಗ ಮುಂದಿಟ್ಟು ಗುರುತಿಸು ಅನ್ನುತ್ತಾರೆ. ಗದ್ದೆಗೆ ಇಳಿದ ಮಗುವಿಗೆ ಇದು ಅಂಕ ಸುರಿಯೋ ಜಾಗ. ಆದರೆ ಸಿಇಟಿ ಅರ್ಜಿ ತುಂಬುವಾಗಲೇ ಕೃಷಿಕ ಕೋಟಾ ಕ್ಲೇಮ್ ಮಾಡಿರಬೇಕು, ತಹಶೀಲ್ದಾರ್ ಕಚೇರಿಯ ಪ್ರಮಾಣ ಪತ್ರ ಇರಬೇಕು. ಪಹಣಿ ಇನ್ನೂ ತಾತನ ಹೆಸರಲ್ಲೇ ಇರೋ ಮನೆಗಳು ಒಂದು ವರ್ಷ ಮುಂಚೆಯೇ ಹೋಗಿ ವಿಚಾರಿಸಿ. ಕಬ್ಬು, ಭತ್ತ, ರೇಷ್ಮೆ ಬೆಳೆಯೋ ಊರಿನ ಮಕ್ಕಳು ಈ ಕಾಲಂ ಖಾಲಿ ಬಿಟ್ಟು ಬರೋದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊರನಾಡು, ಗಡಿನಾಡು ಕನ್ನಡಿಗರಿಗೆ ಅಂತ ಸಿಇಟಿ ಜೊತೆ ಒಂದು ಕನ್ನಡ ಭಾಷಾ ಪರೀಕ್ಷೆ ಇರುತ್ತದೆ. ನಮ್ಮ ಜಿಲ್ಲೆಯಲ್ಲೇ ಓದಿದ ಮಕ್ಕಳಿಗೆ ಅದರ ಗೊಡವೆ ಇಲ್ಲ.

ಇನ್ನೊಂದು ವರ್ಷ ಕೂರಿಸಬೇಕಾ?

ಲಾಂಗ್ ಟರ್ಮ್ ಅನ್ನೋ ಪ್ರಶ್ನೆ ಜೂನ್‌ನಲ್ಲಿ ಏಳುತ್ತದೆ. ಇಲ್ಲಿ ನೀಟ್‌ಗೂ ಸಿಇಟಿಗೂ ಲೆಕ್ಕ ಬೇರೆ ಬೇರೆ. ನೀಟ್‌ನಲ್ಲಿ ಇಷ್ಟೇ ಸಲ ಬರೆಯಬೇಕು ಅನ್ನೋ ಮಿತಿ ಇಲ್ಲ. ರ‍್ಯಾಂಕಿಗೆ ಆ ವರ್ಷದ ನೀಟ್ ಅಂಕ ಮಾತ್ರ. ಮೊದಲ ಸಲ ಸರ್ಕಾರಿ ಸೀಟಿನ ಹತ್ತಿರ ಬಂದು ನಿಂತ ಮಗುವನ್ನ ಒಂದು ವರ್ಷ ಕೂರಿಸೋದಕ್ಕೆ ಅರ್ಥ ಇದೆ. 720ಕ್ಕೆ 200ರಲ್ಲಿ ನಿಂತಿರೋ ಮಗುವಿಗೆ ಅದೇ ಪಾಠ ಇನ್ನೊಂದು ವರ್ಷ ಓದಿಸಿದರೆ ಎಷ್ಟರ ಮಟ್ಟಿಗೆ ಏರುತ್ತದೆ ಅನ್ನೋದನ್ನ ಕೋಚಿಂಗ್‌ನವರ ಬಾಯಲ್ಲಿ ಕೇಳಬೇಡಿ, ಪಿಯು ಲೆಕ್ಚರರ್ ಹತ್ತಿರ ಕೇಳಿ. ಅವರಿಗೆ ಫೀಸಿನ ಆಸೆ ಇರೋದಿಲ್ಲ.

ಎಂಜಿನಿಯರಿಂಗ್ ಸಿಇಟಿಗೆ ವರ್ಷ ಕೂರಿಸೋದಕ್ಕೆ ನಾವು ಒಪ್ಪೋದಿಲ್ಲ. ಮಗು ಮತ್ತೆ ಬರೆಯೋದು ಸಿಇಟಿ ಮಾತ್ರ. ಪಿಯು ಅಂಕ ಹಳೆಯದೇ ಆದ್ದರಿಂದ ರ‍್ಯಾಂಕಿನ ಅರ್ಧ ಮೊದಲೇ ಗಟ್ಟಿಯಾಗಿ ಕೂತಿರುತ್ತದೆ, ವರ್ಷವಿಡೀ ಓದಿ ಅಲ್ಲಾಡಿಸೋದು ಉಳಿದರ್ಧವನ್ನ. ನಿಯಮ ಬದಲಾಗೋ ಭಯವೂ ಇದೆ. ಕೊರೊನಾ ವರ್ಷ 2021ರಲ್ಲಿ ಪರೀಕ್ಷೆ ಬರೆಯದೆ ಪಾಸಾದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಸೇರಿಸಬೇಕಾ ಬೇಡವಾ ಅಂತ ವಿವಾದ ಹೈಕೋರ್ಟಿಗೆ ಹೋಗಿ, ಆ ವರ್ಷ ಎಲ್ಲರ ಸೀಟು ಹಂಚಿಕೆಯೂ ತಡವಾಯಿತು. ಜೆಇಇ ಅಡ್ವಾನ್ಸ್ಡ್ ಅಂತೂ ಬೆನ್ನು ಬೆನ್ನಿಗೆ ಎರಡು ವರ್ಷ, ಎರಡೇ ಸಲ.

ಮನೆ, ಅಂಗಡಿ, ಓಡಾಟ

ಏಪ್ರಿಲ್–ಮೇ ಅಂದರೆ ನಮ್ಮ ಕಡೆ ಊರ ಹಬ್ಬ, ಕೊಂಡ, ಮದುವೆ, ಬೀಗರೂಟ. ರಾತ್ರಿಯೆಲ್ಲ ಮೈಕು. ಹಬ್ಬದ ದಿನ ಬದಲಿಸೋಕಾಗದು, ಮಗುವನ್ನ ಹತ್ತು ದಿನ ಮಂಡ್ಯದ ನೆಂಟರ ಮನೆಯಲ್ಲೋ ಓದುವ ಗೆಳೆಯರ ರೂಮಿನಲ್ಲೋ ಬಿಡೋಕಾಗುತ್ತದೆ. ಅಂಗಡಿ ಇರೋರು, ಪಿಯು ಮುಗೀತಲ್ಲ ಅಂತ ಮಾರ್ಚ್ 21ಕ್ಕೇ ಮಗನನ್ನ ಗಲ್ಲಾಪೆಟ್ಟಿಗೆ ಮುಂದೆ ಕೂರಿಸೋದುಂಟು. ಕೂರಿಸಲೇಬೇಕಾದರೆ ಮಧ್ಯಾಹ್ನ ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ ಒಂದು ಗಂಟೆ ಕೂರಿಸಿ. ಬೆಳಗ್ಗೆ 10.30 ಮತ್ತು ಮಧ್ಯಾಹ್ನ 2.30 ಸಿಇಟಿ ಶುರುವಾಗೋ ಸಮಯ. ಆ ಎರಡು ಹೊತ್ತು ಮನೆಯಲ್ಲೂ ಪತ್ರಿಕೆ ಬಿಡಿಸಿ ರೂಢಿಯಾಗಲಿ.

ನೀಟ್ ಮಧ್ಯಾಹ್ನ 2ರಿಂದ 5. ಗೇಟು 1.30ಕ್ಕೆ ಮುಚ್ಚಿದರೆ ಯಾರು ಹೇಳಿದರೂ ತೆರೆಯೋದಿಲ್ಲ. ಅರ್ಧ ತೋಳಿನ ಬಟ್ಟೆ, ಚಪ್ಪಲಿ ಹಾಕಿಸಿ. ಶೂ, ಉದ್ದ ತೋಳು ಅಂದರೆ ಗೇಟಿನಲ್ಲೇ ತಡ. ಮಂಡ್ಯ, ಮದ್ದೂರಿನವರಿಗೆ ಕೇಂದ್ರ ಮೈಸೂರಿಗೆ ಬಂದರೆ ರೈಲು ಇದೆ. ಮಳವಳ್ಳಿಗೆ ರೈಲಿಲ್ಲ, ಬನ್ನೂರು ಮೇಲೆ ಬಸ್ಸೇ ಗತಿ, ಭಾನುವಾರ ಬಸ್ಸು ಕಮ್ಮಿ. ಬೆಂಗಳೂರಿಗೆ ಬಂದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ.

ಕೊನೆಗೆ ಫೋನ್ ನಂಬರಿನ ವಿಷಯ. ಎಲ್ಲಾ ಅರ್ಜಿಯೂ ಸೈಬರ್ ಸೆಂಟರಿನಲ್ಲೇ ಆಗೋದು, ಗಡಿಬಿಡಿಯಲ್ಲಿ ಅಂಗಡಿಯವರದೇ ನಂಬರು, ಅವರದೇ ಇಮೇಲ್ ಹಾಕಿಬಿಡುವುದೂ ಇದೆ. ಜನವರಿಯಲ್ಲಿ ಅದು ಏನೂ ಅನಿಸೋದಿಲ್ಲ. ಜೂನ್, ಜುಲೈನಲ್ಲಿ ಕಾಲೇಜು ಆಯ್ಕೆ ತುಂಬುವಾಗ, ಸೀಟು ಒಪ್ಪಿಕೊಳ್ಳೋ ಕೊನೇ ದಿನ ಒಟಿಪಿ ಯಾರದೋ ಫೋನಿಗೆ ಹೋಗುತ್ತದೆ, ಅವರು ಫೋನ್ ಎತ್ತೋದಿಲ್ಲ. ಅಪ್ಪನದೋ ಅಮ್ಮನದೋ ನಂಬರು ಕೊಡಿ, ಅದಕ್ಕೆ ಸೀಟು ಹಂಚಿಕೆಯ ಕೊನೆ ಸುತ್ತು ಮುಗಿಯೋವರೆಗೂ ರೀಚಾರ್ಜ್ ಮಾಡಿಸಿಡಿ. ಅರ್ಜಿ ಸಂಖ್ಯೆ, ಯೂಸರ್ ಐಡಿ, ಪಾಸ್‌ವರ್ಡ್ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅರ್ಜಿಯ ಪ್ರಿಂಟ್ ಜೊತೆ ಬೀರುವಿನಲ್ಲಿ ಇಟ್ಟುಕೊಳ್ಳಿ.